ತೊಟ್ಟಿಲಿಗೆ ಕೊಟ್ಟ ಹಗ್ಗ

ಏರೂರು, ಕೃಷ್ಣೆಯ ಮೇಲ್ದಂಡೆ
ಎತ್ತರದ ವರ್ಷ ತೊಂಬತ್ತನಾಲ್ಕು, ಎರಡನೇ ಮಳೆಗಾಲದ ಮೂವತ್ತೇಳನೇ ದಿನ

ಮಹಾನಂದಾ ಆಯಿ ಅವರಿಗೆ,

ದಿನಾಂಕ ನೋಡಿ ಗಾಬರಿಯಾಗಬೇಡಿ. ನಿಮ್ಮ ಲೆಕ್ಕದಲ್ಲಿ ಇದು ಇಸವಿ ಎರಡು ಸಾವಿರದ ನೂರ ಅರವತ್ತೆಂಟು. ನಮ್ಮೂರನ್ನು ಹೊಳೆದಂಡೆಯಿಂದ ಗುಡ್ಡಕ್ಕೆ ಏರಿಸಿದ ವರ್ಷದಿಂದ ನಾವು ಹೊಸದಾಗಿ ಎಣಿಸಿಕೊಂಡು ಬಂದಿದ್ದೇವೆ. ಮಳೆಗಾಲ ವರ್ಷಕ್ಕೆರಡು ಸಲ ಬರುವುದರಿಂದ ತಿಂಗಳ ಹೆಸರುಗಳನ್ನು ಮದುವೆ ಪತ್ರಿಕೆಗಷ್ಟೇ ಬಳಸುತ್ತೇವೆ. ನನ್ನ ಮಾತಿನಲ್ಲಿ ಎಲ್ಲಾದರೂ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಬರಹದ ಕನ್ನಡವನ್ನು ನಾನು ಹಳೆಯ ಕ್ಯಾಲೆಂಡರುಗಳ ಹಿಂಬದಿ ಓದಿ ಕಲಿತವಳು. ನಡುವೆ ರಾಹುಕಾಲದ ವಾಸನೆ ಬಂದರೂ ಬರಬಹುದು.

ಕ್ಷಮೆ ಕೇಳುವುದು ಇಲ್ಲಿಗೆ ಮುಗಿಯಿತು. ಇನ್ನು ಬೈಯುವುದು.

ನಾನು ನಿಮ್ಮ ಮೊಮ್ಮಗಳ ಮೊಮ್ಮಗಳು. ನನಗೀಗ ಎಪ್ಪತ್ತೊಂದು ವರ್ಷ, ಈ ಕಾಗದ ಓದುತ್ತಿರುವ ನಿಮಗೆ ಮೂವತ್ತನಾಲ್ಕು. ಹುಟ್ಟಿನಲ್ಲಿ ನೀವು ಹಿರಿಯರು, ಮಂಡಿನೋವಿನಲ್ಲಿ ನಾನು. ಆದ್ದರಿಂದ ಬಹುವಚನವನ್ನೂ ಬಿಡದೆ, ಸಿಟ್ಟನ್ನೂ ಬಿಡದೆ ಬರೆಯುತ್ತೇನೆ. ಇಲ್ಲಿ ಹಿಂದಂಚೆ ಎಂಬ ಒಂದು ಕಚೇರಿ ಇದೆ, ಕಳೆದುಹೋದ ಕಾಲಕ್ಕೆ ಕಾಗದ ಕಳಿಸುವುದು ಅದರ ಕೆಲಸ. ಕಾಗದ ಮುಟ್ಟುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಉತ್ತರ ಬಂದ ಉದಾಹರಣೆಯಂತೂ ಇಲ್ಲವೇ ಇಲ್ಲ. ಆದರೂ ಮುಟ್ಟುವ ದಿನವನ್ನು ನಾವೇ ಆರಿಸಬಹುದು. ನಾನು ಆರಿಸಿದ್ದು ಶ್ರಾವಣದ ಒಂದು ಶುಕ್ರವಾರದ ಇಳಿಹೊತ್ತು. ಪಕ್ಕದ ಮನೆಯ ಕಸ್ತೂರಿ ನಿಮ್ಮಲ್ಲಿಗೆ ಬಂದು ತನ್ನ ಕೂಸಿನ ತೊಟ್ಟಿಲಿಗೆಂದು ಹಗ್ಗ ಇಸಿದುಕೊಂಡು ಹೋಗಿ ಇನ್ನೂ ಅರ್ಧ ಗಂಟೆ ಆಗಿಲ್ಲ. ನನ್ನ ಲೆಕ್ಕ ಸರಿಯಿದ್ದರೆ ನೀವು ಅಡುಗೆಮನೆಯಲ್ಲಿ ನಾಳೆಯ ರೊಟ್ಟಿಗೆ ಜೋಳದ ಹಿಟ್ಟು ಸಾಣಿಸುತ್ತಿದ್ದೀರಿ. ಜರಡಿ ಕೆಳಗಿಡಿ.

ಇದೆಲ್ಲ ನನಗೆ ಹೇಗೆ ಗೊತ್ತು ಅನ್ನುತ್ತೀರಿ. ವಿಜಯಪುರದಲ್ಲಿರುವ ನಿಮ್ಮ ತಂಗಿ ಶಶಿಕಲಾಗೆ ನೀವು ಫೋನಿನಲ್ಲಿ ಮಾತಾಡಿ ಕಳಿಸಿದ ನಲವತ್ತೊಂದು ಧ್ವನಿತುಣುಕುಗಳು ನಮ್ಮ ಮನೆಯಲ್ಲಿ ಉಳಿದಿವೆ. ಬೇರೆಯವರ ಮನೆಯಲ್ಲಿ ಹಿರಿಯರ ಬಂಗಾರ ಉಳಿದಿದೆ, ನಮ್ಮಲ್ಲಿ ನಿಮ್ಮ ಮಾತು. ನನ್ನ ತಾಯಿ ನಲವತ್ತನ್ನು ಮಾತ್ರ ಕೇಳಿದ್ದರು. ಕೊನೆಯದು ಕೆಟ್ಟುಹೋಗಿತ್ತು, ಅದನ್ನು ಈ ವರ್ಷವಷ್ಟೇ ರಿಪೇರಿ ಮಾಡಿಸಿದೆ. ಅದರ ಮಾತು ಆಮೇಲೆ.

ಮೊದಲು ನಮ್ಮ ಎತ್ತುಗಂಟಿನ ಬಗ್ಗೆ ಹೇಳಬೇಕು, ಇಲ್ಲವಾದರೆ ನನ್ನ ಸಿಟ್ಟು ನಿಮಗೆ ತಿಳಿಯುವುದಿಲ್ಲ. ಏರೂರಿನಲ್ಲಿ ಪ್ರತಿ ಮನೆಯ ಬಾಗಿಲಿನ ಎಡಗಡೆ, ಎದೆಯೆತ್ತರದ ಗೂಟಕ್ಕೆ ಒಂದು ಗಂಟು ನೇತಾಡುತ್ತದೆ. ಹೊಳೆ ಬಂದಾಗ, ಗುಡ್ಡ ಜಾರಿದಾಗ, ಗಾಳಿ ಎದ್ದಾಗ ಬೇರೇನನ್ನೂ ಮುಟ್ಟದೆ ಅದೊಂದನ್ನು ಎತ್ತಿಕೊಂಡು ಮೇಲಿನ ಏರುಮನೆಗೆ ಓಡಬೇಕು. ಮೂರು ದಿನದ ಕುಡಿಯುವ ನೀರು, ತಿಂಗಳಿಟ್ಟರೂ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಬ್ಯಾಟರಿ, ಸೀಟಿ, ಔಷಧಿ, ಕಾಗದಪತ್ರ, ಹೊದಿಕೆ, ಹಗ್ಗ. ಐದು ವರ್ಷ ತುಂಬಿದ ಮಗುವಿಗೂ ಅದರ ಅಳತೆಯ ಪುಟ್ಟ ಗಂಟು ಇರುತ್ತದೆ. ಮಕ್ಕಳು ಅದರೊಳಗೆ ಒಂದು ಆಟಿಕೆ ಇಟ್ಟುಕೊಳ್ಳಬಹುದು, ಅದಕ್ಕೆ ನಿಯಮದಲ್ಲೇ ಜಾಗವಿದೆ. ಮಳೆಗಾಲಕ್ಕೊಮ್ಮೆ ಗಂಟುನೋಟದವರು ಬರುತ್ತಾರೆ, ಮನೆಯವರು ಗಂಟು ಬಿಚ್ಚಿ ತೋರಿಸಿ, ಮತ್ತೆ ಕಟ್ಟಿ, ಎತ್ತಿಕೊಂಡು ಮೂರು ಮೆಟ್ಟಿಲು ಹತ್ತಿ ತೋರಿಸಬೇಕು. ಹತ್ತಲಾಗದಿದ್ದರೆ ಭಾರ ಇಳಿಸಬೇಕು, ಇಲ್ಲವೇ ಎತ್ತುವವರೊಬ್ಬರನ್ನು ಗೊತ್ತುಮಾಡಿ ಹೆಸರು ಬರೆಸಬೇಕು. ಹೆಣ್ಣು ನೋಡಲು, ಗಂಡು ನೋಡಲು ಹೋದವರು ಜಾತಕ ಕೇಳುವ ಮೊದಲು ಗಂಟು ಬಿಚ್ಚಿ ನೋಡುತ್ತಾರೆ. ನನ್ನ ತಮ್ಮನ ಒಂದು ಸಂಬಂಧ ಅವಧಿ ಮೀರಿದ ಮಾತ್ರೆಯಿಂದ ಮುರಿದುಬಿತ್ತು. ಗಂಟಿನ ಸಾಮಾನನ್ನು ದಿನಬಳಕೆಗೆ ತೆಗೆಯುವುದಕ್ಕೆ ಗಂಟುಕಳವು ಎನ್ನುತ್ತೇವೆ, ಅದನ್ನು ಮಾಡಿದವರ ಹೆಸರನ್ನು ಚಾವಡಿಯ ಹಲಗೆಯ ಮೇಲೆ ಒಂದು ವಾರ ಬರೆದಿಡುತ್ತಾರೆ. ಎದುರಿಗೆ ಬಂದವರು ಚಹಾ ಆಯಿತೇ ಎಂದು ಕೇಳುವ ಬದಲು ಗಂಟು ತುಂಬಿತೇ ಎಂದು ಕೇಳುತ್ತಾರೆ.

ಈಗ ನಿಮ್ಮ ವಿಷಯ. ನನ್ನನ್ನು ಉರಿಸುವ ಮಾತೇನೆಂದರೆ, ನೀವು ತಿಳಿಯದವರಲ್ಲ. ವೈಶಾಖದಲ್ಲಿ ಊರಿಗೆ ಬಂದ ತರಬೇತಿಯವರು ಹದಿನಾಲ್ಕು ಸಾಮಾನಿನ ಪಟ್ಟಿ ಹಂಚಿದಾಗ, ಇಡೀ ಓಣಿಯಲ್ಲಿ ಅದನ್ನು ಓದಿದವರು ನೀವೊಬ್ಬರೇ. ಉಳಿದವರು ಆ ಹಾಳೆಯಲ್ಲಿ ಚುನಮರಿ-ಮಂಡಕ್ಕಿ ಕಟ್ಟಿಸಿಕೊಂಡರಂತೆ. ನೀವು ಮಾತ್ರ ಒಂದೊಂದನ್ನೇ ಕೂಡಿಸಿದಿರಿ. ನೀಲಿ ಚೀಲಕ್ಕೆ ಹೊಸ ಜಿಪ್ ಹಾಕಿಸಿದಿರಿ. ನೀವೇ ಬಡಿದು ಬೇಯಿಸಿದ ಇಪ್ಪತ್ತು ಕಟಕ ರೊಟ್ಟಿ, ಡಬ್ಬಿಯಲ್ಲಿ ಚಟ್ನಿ, ಶೇಂಗಾ ಚಿಕ್ಕಿ, ಮೂವತ್ತು ಅಡಿ ನೈಲಾನ್ ಹಗ್ಗ, ಬ್ಯಾಟರಿ, ಅದಕ್ಕೆ ಸೆಲ್ಲು, ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಮತ್ತು ಪಹಣಿಯ ಝೆರಾಕ್ಸ್, ದಮ್ಮಿನ ರೋಗಿಯಾದ ನಿಮ್ಮ ಅತ್ತೆ ನೀಲಗಂಗಾ ಅವರಿಗೆ ಉಸಿರೆಳೆಯುವ ಔಷಧಿಯ ಹೆಚ್ಚಿನದೊಂದು ಪಂಪು. ಮೂರನೇ ತುಣುಕಿನಲ್ಲಿ ನಿಮ್ಮ ಹೆಮ್ಮೆ ಕೇಳಿ ನಾನೂ ಬೀಗಿದ್ದೇನೆ. "ಶಶಿ, ಹೊಳಿ ಬರಲಿ ಬಿಡಲಿ, ನಾ ಅಂತೂ ತಯಾರ ಅದೀನಿ ನೋಡ," ಅಂದಿದ್ದೀರಿ.

ಅಲ್ಲಿಂದ ಹನ್ನೊಂದು ವಾರ. ಆ ಹನ್ನೊಂದು ವಾರದಲ್ಲಿ ಒಂದು ಹನಿ ಹೊಳೆನೀರು ಬಾರದೆಯೇ ನಿಮ್ಮ ಚೀಲ ಖಾಲಿಯಾಯಿತು. ಕಳ್ಳರು ಬರಲಿಲ್ಲ, ಇಲಿ ಕಡಿಯಲಿಲ್ಲ. ನಿಮ್ಮ ಒಳ್ಳೆಯತನವೇ ಅದನ್ನು ತಿಂದು ಮುಗಿಸಿತು.

ಏಳನೇ ತುಣುಕು: "ಬೀಗರು ಹೇಳದ ಕೇಳದ ಬಂದ್ರು. ಬರೇ ಚಾ ಕುಡಿಸಿ ಹ್ಯಾಂಗ ಕಳಸೂದು? ಚೀಲದಾಗಿನ ಚಿಕ್ಕಿ ತಗದ ಇಟ್ಟೆ. ನಾಳೆ ತಂದ್ರಾತು ಬಿಡ." ಹತ್ತನೆಯದು: "ರಿಮೋಟಿನ ಸೆಲ್ ಹ್ವಾದು. ಧಾರಾವಾಹಿ ಹೊತ್ತಿಗೆ ಅತ್ತಿ ಸುಮ್ಮ ಕುಂಡ್ರಂಗಿಲ್ಲ. ಬ್ಯಾಟರಿದು ತಗದ ಹಾಕೀನಿ. ನಾಳೆ ತಂದ್ರಾತು." ಮುಂಜಿವೆಯೊಂದರ ಆರ್ಡರಿಗೆ ರೊಟ್ಟಿ ಕಡಿಮೆ ಬಿದ್ದವೆಂದು ಚೀಲದ ಇಪ್ಪತ್ತೂ ಹೋದವು. ರೊಟ್ಟಿ ಬಡಿಯುವುದೇ ಉದ್ಯೋಗವಾದ ಮನೆಯಲ್ಲಿ ಆ ಇಪ್ಪತ್ತನ್ನು ಮತ್ತೆ ಬಡಿಯಲು ಆರು ವಾರದಲ್ಲಿ ಒಂದು ಮಧ್ಯಾಹ್ನ ಸಿಗಲಿಲ್ಲ. ರೇಷನ್ ಕಾರ್ಡಿನ ತಿದ್ದುಪಡಿಗೆ ಝೆರಾಕ್ಸ್ ಹೋಯಿತು. ಉಳಿಯಲು ಬಂದ ನೆಂಟರ ಚಳಿಗೆ ಚೀಲದ ಕೌದಿ ಹೋಯಿತು. ಹದಿನಾಲ್ಕನೆಯ ತುಣುಕನ್ನಂತೂ ಎಷ್ಟು ಸಲ ಕೇಳಿದರೂ ಬೈಯುತ್ತಲೇ ಕೇಳುತ್ತೇನೆ: "ಅತ್ತಿದು ದಮ್ಮಿನ ಪಂಪು ಮುಗೀತು. ಚೀಲದಾಗಿಂದು ಕೊಟ್ಟೀನಿ. ಪ್ಯಾಟಿಗೆ ಹ್ವಾದಾಗ ಇನ್ನೊಂದು ತಂದ್ರಾತು." ಅದಾದ ಮೇಲೆ ನೀವು ಪೇಟೆಗೆ ಐದು ಸಲ ಹೋಗಿದ್ದೀರಿ. ನಾನು ಎಣಿಸಿದ್ದೇನೆ. ಒಂದು ಸಲ ಬಳೆ ತಂದಿದ್ದೀರಿ, ಒಂದು ಸಲ ಫೋನಿಗೆ ಹೊಸ ಅಂಗಿ. ಫೋನು ಚೆನ್ನಾಗಿರಬೇಕು, ನಿಜ. ಅದರೊಳಗೆ ದಿನಾ ಬೆಳಿಗ್ಗೆ ಮಳೆಯ ಮುನ್ಸೂಚನೆ ಬರುತ್ತಿತ್ತಲ್ಲ.

ಈ ಕಾಗದ ನಿಮ್ಮ ಕೈಸೇರಿ ಹನ್ನೆರಡು ದಿನಕ್ಕೆ, ಬುಧವಾರ ಮಧ್ಯಾಹ್ನ, ಹೊಳೆ ನಿಮ್ಮ ಓಣಿಗೆ ಬರುತ್ತದೆ. ಮೇಲಿನ ಸೀಮೆಯಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆದಿರುತ್ತದೆ. ನಿಮ್ಮ ಯಜಮಾನರು ಲಾರಿಯ ಮೇಲೆ ಊರು ಬಿಟ್ಟು ಎರಡು ದಿನವಾಗಿರುತ್ತದೆ. ನಿಮಗಿನ್ನೂ ನಡೆಯದ ಈ ಸಂಗತಿ ನನಗೆ ನಡೆದು ಮುಗಿದಿರುವುದರಿಂದ, ಮುಗಿದ ಹಾಗೆಯೇ ಬರೆಯುತ್ತೇನೆ. ನೀವು ನಾಲ್ಕು ವರ್ಷದ ಮಗ ಪ್ರಜ್ವಲನನ್ನು ಸೊಂಟಕ್ಕೆ ಏರಿಸಿಕೊಂಡು, ಅತ್ತೆಯವರನ್ನು ಹಿಂದಿನಿಂದ ತಳ್ಳಿ, ಏಣಿಯ ಮೇಲೆ ಮಾಳಿಗೆ ಹತ್ತಿದಿರಿ. ನೀಲಿ ಚೀಲವನ್ನೂ ಮರೆಯದೆ ತಂದಿರಿ. ಅದು ಎಷ್ಟು ಹಗುರವಾಗಿತ್ತೆಂದು ಆಗಲಾದರೂ ಕೈಗೆ ತಿಳಿದಿರಬೇಕು. ಅದರಲ್ಲಿ ಉಳಿದಿದ್ದದ್ದು ಚಟ್ನಿ ಡಬ್ಬಿ, ಸೆಲ್ಲಿಲ್ಲದ ಬ್ಯಾಟರಿ, ಒಂದು ಹಣಿಗೆ.

ಬೆಳಕಿರುವಾಗಲೇ ದೋಣಿ ಬಂತು. ಓಣಿಯಲ್ಲಿ ಸೆಳವು ಜೋರಿತ್ತು, ದೋಣಿ ಗೋಡೆಗೆ ನಿಲ್ಲುತ್ತಿರಲಿಲ್ಲ. ದೋಣಿಯವರು ಕೂಗಿದ್ದನ್ನು ನೀವೇ ಮೂವತ್ತೊಂಬತ್ತನೇ ತುಣುಕಿನಲ್ಲಿ ಹೇಳಿದ್ದೀರಿ: "ಹಗ್ಗ ಒಗೀರಿ, ಯಕ್ಕಾ, ಹಗ್ಗ ಒಗೀರಿ ಅಂದ್ರು ಶಶಿ. ಅವರದ ಎಲ್ಲೋ ಹರದ ಹೋಗಿತ್ತಂತ." ನೀವು ಹಗ್ಗ ಒಗೆಯಲಿಲ್ಲ. ಉಟ್ಟ ಸೀರೆಯನ್ನೂ ಅತ್ತೆಯವರ ಸೀರೆಯನ್ನೂ ಗಂಟು ಹಾಕಿ, ಒಂದು ತುದಿಯನ್ನು ಮಾಳಿಗೆಯ ಕಂಬಿಗೆ ಬಿಗಿದು ಒಗೆದಿರಿ. ಅವರು ಹಿಡಿದರು. ಒಮ್ಮೆ ಜಗ್ಗಿದರು, ಎರಡು ಸಲ ಜಗ್ಗಿದರು. ಮೂರನೆಯದಕ್ಕೆ ಒದ್ದೆ ಸೀರೆಯ ಗಂಟು ಜಾರಿ ಬಿಚ್ಚಿಕೊಂಡಿತು. ದೋಣಿಯನ್ನು ಸೆಳವು ಓಣಿಯಾಚೆ ಒಯ್ದುಬಿಟ್ಟಿತು. ಅದು ಮತ್ತೆ ಬಂದದ್ದು ಮರುದಿನ ಇಳಿಹೊತ್ತಿಗೆ. ಅಷ್ಟರೊಳಗೆ ಇಡೀ ದಿನದ ಮಳೆಯಲ್ಲಿ ನೆನೆದ ನೀಲಗಂಗಾ ಅವರಿಗೆ ದಮ್ಮು ಹತ್ತಿ, ಪಂಪಿನಲ್ಲಿ ಉಳಿದಿದ್ದ ನಾಲ್ಕೈದು ಸಲದ ಔಷಧಿಯೂ ಮುಗಿದು, ನಿಮ್ಮ ತೊಡೆಯ ಮೇಲೆ ತಲೆಯಿಟ್ಟು ಹೋಗಿಬಿಟ್ಟರು. ಅವರಿಗೆ ಅರವತ್ತೆರಡು. ನನಗಿಂತ ಒಂಬತ್ತು ವರ್ಷ ಚಿಕ್ಕವರು.

ಇಷ್ಟನ್ನು ಕೇಳುತ್ತ ಬೆಳೆದವಳು ನಾನು. ನಮ್ಮ ಮನೆಯಲ್ಲಿ ತಲೆಮಾರಿಗೊಬ್ಬಳಿಗೆ ಅವರ ಹೆಸರು ಇಡುತ್ತಾರೆ, ಈ ತಲೆಮಾರಿನ ನೀಲಗಂಗಾ ನಾನೇ. ಸಣ್ಣವಳಿದ್ದಾಗ ಹೆಸರು ಕೇಳಿದವರಿಗೆಲ್ಲ ಆ ಕಥೆಯನ್ನೂ ಹೇಳಬೇಕಾಗುತ್ತಿತ್ತು, ಹೇಳುವಾಗಲೆಲ್ಲ ನಿಮ್ಮ ಮೇಲೆ ಸಿಟ್ಟು ಬರುತ್ತಿತ್ತು. ಮೂವತ್ತು ಅಡಿ ಹಗ್ಗವನ್ನು ತೊಟ್ಟಿಲು ಕಟ್ಟಲು ಕೊಟ್ಟುಬಿಟ್ಟ ಹೆಂಗಸು ಎಂದು ಅಂದುಕೊಳ್ಳುತ್ತಿದ್ದೆ. ತೊಟ್ಟಿಲಿಗೆ ಎಂಟು ಅಡಿ ಸಾಕಲ್ಲವೇ, ಕತ್ತರಿಸಿ ಕೊಡಲು ಏನಾಗಿತ್ತು ಎಂದು ಅರವತ್ತು ವರ್ಷ ಮನಸ್ಸಿನಲ್ಲೇ ಜಗಳವಾಡಿದ್ದೇನೆ. ಹೋದ ತಿಂಗಳು ಈ ಕಾಗದವನ್ನು ಬರೆಯಲು ಕುಳಿತದ್ದೂ ಒಂದೇ ಮಾತು ಹೇಳಲಿಕ್ಕೆ: ಹೋಗಿ, ಕಸ್ತೂರಿಯ ಮನೆಯಿಂದ ಆ ಹಗ್ಗ ವಾಪಸು ತನ್ನಿ.

ಆಗ ರಿಪೇರಿಗೆ ಕೊಟ್ಟಿದ್ದ ನಲವತ್ತೊಂದನೆಯ ತುಣುಕು ಬಂತು. ಅದನ್ನು ನೀವು ಹೊಳೆ ಇಳಿದ ಮೇಲೆ ಕಳಿಸಿದ್ದೀರಿ. ಹೊಳೆ ಬಂದಾಗ ಕಸ್ತೂರಿ ಔಷಧಿ ತರಲು ಆಚೆ ಊರಿಗೆ ಹೋಗಿ ಸಿಕ್ಕಿಬಿದ್ದಿದ್ದಳಂತೆ. ಮನೆಯಲ್ಲಿ ಇದ್ದವರು ಕೂಸು ಮತ್ತು ಕಸ್ತೂರಿಯ ತಾಯಿ. ಆ ಮುದುಕಿಗೆ ಕೂಸನ್ನೆತ್ತಿಕೊಂಡು ಏಣಿ ಹತ್ತುವ ಶಕ್ತಿ ಇಲ್ಲ. ಅವರು ಬರಿಗೈಯಲ್ಲಿ ಅಟ್ಟ ಹತ್ತಿ ಕುಳಿತು, ತೊಲೆಯ ಮೇಲಿಂದ ಬಂದಿದ್ದ ಹಗ್ಗದ ಉಳಿದ ಉದ್ದವನ್ನು ಜಗ್ಗಿ ಜಗ್ಗಿ, ತೊಟ್ಟಿಲನ್ನು ಮಾಳಿಗೆಗೆ ತಾಗುವಂತೆ ಮೇಲೆತ್ತಿ, ಹಗ್ಗವನ್ನು ಅಟ್ಟದ ಕಂಬಕ್ಕೆ ಸುತ್ತಿ ಹಿಡಿದುಕೊಂಡರು. ಎಂಟೇ ಅಡಿ ಇದ್ದಿದ್ದರೆ ಜಗ್ಗಲು ಏನೂ ಉಳಿದಿರುತ್ತಿರಲಿಲ್ಲ. ಮರುದಿನ ದೋಣಿಯವರು ಬೆಳಕಿಂಡಿ ಒಡೆದು ಇಬ್ಬರನ್ನೂ ಮೇಲಕ್ಕೆ ತೆಗೆದರು. ನಿಮ್ಮ ಮಾತು ಹೀಗಿದೆ: "ನೀರು ತೊಟ್ಟಲಕ್ಕ ನಾಕ ಬೆರಳ ಕೆಳಗ ನಿಂತಿತ್ತಂತ ಶಶಿ. ಕೂಸು ನಿದ್ದಿ ಮಾಡಾಕತ್ತಿತ್ತಂತ. ನಮ್ಮ ಹಗ್ಗ ಜಾರಿಲ್ಲ, ಹರದಿಲ್ಲ. ಅತ್ತಿಗೆ ಇದನ್ನ ಹೇಳಬೇಕಿತ್ತು ನಾ."

ಆ ಕೂಸಿನ ಹೆಸರು ಚೈತ್ರಾ. ಇಪ್ಪತ್ತೈದು ವರ್ಷದ ನಂತರ ನಿಮ್ಮ ಪ್ರಜ್ವಲ ಅವಳನ್ನೇ ಮದುವೆಯಾದ. ಅವಳು ನನ್ನ ಅಜ್ಜಿಯ ತಾಯಿ. ನನಗೆ ಹದಿಮೂರು ತುಂಬುವವರೆಗೂ ಬದುಕಿದ್ದಳು, ನನ್ನ ತಲೆ ಬಾಚುತ್ತಿದ್ದಳು, ನಾವು ಅವಳನ್ನು ತೊಟ್ಟಿಲಜ್ಜಿ ಎಂದು ಕರೆಯುತ್ತಿದ್ದೆವು. ಬಹಳ ಮಕ್ಕಳನ್ನು ತೂಗಿದ್ದಕ್ಕೆ ಆ ಹೆಸರು ಬಂದಿರಬೇಕೆಂದು ನಾನು ತಿಳಿದಿದ್ದೆ, ಹಗ್ಗದ ಕಥೆಯನ್ನು ಅವಳು ನಮ್ಮೆದುರು ಎಂದೂ ತೆಗೆದಿರಲಿಲ್ಲ.

ಆಯಿ, ಇದನ್ನು ಕೇಳಿದ ಮೇಲೆ ನನ್ನ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯದೆ ಎರಡು ದಿನ ಮನೆಯವರ ಮೇಲೆಲ್ಲ ಹರಿಹಾಯ್ದೆ. ಸಾಲದ್ದಕ್ಕೆ ಅದೇ ವಾರ ಗಂಟುನೋಟದವರು ಬಂದು ನನ್ನ ಗಂಟು ಬಿಚ್ಚಿಸಿದರೆ, ಅದರಲ್ಲಿ ಚಿಕ್ಕಿ ಇಲ್ಲ. ಹಿಂದಿನ ದಿನ ಮೊಮ್ಮಗಳ ಅತ್ತೆಯ ಮನೆಯವರು ಬಂದಿದ್ದರು. ಬೀಗರಿಗೆ ಬರೀ ಚಹಾ ಕುಡಿಸಿ ಹೇಗೆ ಕಳಿಸುವುದು? ಬೆಳಿಗ್ಗೆ ತಂದಿಟ್ಟರಾಯಿತು ಎಂದುಕೊಂಡಿದ್ದೆ. ಎಪ್ಪತ್ತೊಂದನೇ ವಯಸ್ಸಿನಲ್ಲಿ ನನ್ನ ಹೆಸರು ಚಾವಡಿಯ ಹಲಗೆಯ ಮೇಲೆ ಏರಿತು. ದಾರಿಯಲ್ಲಿ ಹೋಗುವವರೆಲ್ಲ ಓದಿ ನಕ್ಕರು. ಈ ಗುಣ ಯಾರಿಂದ ಬಂತು ಎಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಆದರೂ ಸಿಟ್ಟು ಇಳಿದಿಲ್ಲ, ಇಳಿಸುವ ಮನಸ್ಸೂ ಇಲ್ಲ. ಅದು ಈಗ ನೆಟ್ಟಗೆ ಗುರಿ ಹಿಡಿದಿದೆ, ಅಷ್ಟೇ. ನೀವು ಹಗ್ಗ ಕೊಟ್ಟದ್ದು ತಪ್ಪಲ್ಲ. ಬೀಗರಿಗೆ ಚಿಕ್ಕಿ ಇಟ್ಟದ್ದೂ ತಪ್ಪಲ್ಲ. ದಮ್ಮು ಹತ್ತಿದ ಅತ್ತೆಗೆ ಚೀಲದ ಪಂಪನ್ನು ಕೊಡದೆ ಇನ್ನಾರಿಗೆ ಕೊಡಬೇಕಿತ್ತು? ಕೊಟ್ಟ ಜಾಗವನ್ನು ಖಾಲಿ ಬಿಟ್ಟಿರಲ್ಲ, ಅದನ್ನು ನಾನು ಕ್ಷಮಿಸುವುದಿಲ್ಲ. ನಲವತ್ತೊಂದು ತುಣುಕುಗಳಲ್ಲಿ ನಾಳೆ ತಂದ್ರಾತು ಎಂಬ ಮಾತು ಹತ್ತೊಂಬತ್ತು ಸಲ ಬಂದಿದೆ. ಆ ನಾಳೆಗಳಲ್ಲಿ ಒಂದೇ ಒಂದು ನಾಳೆ ನೀವು ಪೇಟೆಯಲ್ಲಿ ಔಷಧಿ ಅಂಗಡಿಯ ಮೆಟ್ಟಿಲು ಹತ್ತಿದ್ದರೆ, ಅದರ ಪಕ್ಕದ ಅಂಗಡಿಯಲ್ಲಿ ಮೂವತ್ತು ಅಡಿ ಹಗ್ಗ ಅಳೆಸಿದ್ದರೆ, ನೀಲಗಂಗಾ ಅವರು ಚೈತ್ರಾಳ ಮದುವೆಯಲ್ಲಿ ಮೊಮ್ಮಗನ ಹೆಂಡತಿಯನ್ನು ಮನೆ ತುಂಬಿಸಿಕೊಳ್ಳುತ್ತಿದ್ದರು. ಹಿಂದಂಚೆಯ ಕಚೇರಿಯಲ್ಲಿ ಒಂದು ಕಾಗದಕ್ಕೆ ಸಹಿ ಮಾಡಿಸಿಕೊಳ್ಳುತ್ತಾರೆ, ನಡೆದುಹೋದದ್ದನ್ನು ಬದಲಿಸುವ ಉದ್ದೇಶ ನನಗಿಲ್ಲ ಎಂದು. ನಾನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ಸುಳ್ಳು ಸಹಿ ಮಾಡಿದ್ದೇನೆ.

ಆದ್ದರಿಂದ ಕೇಳಿ. ಕಸ್ತೂರಿಯ ಮನೆಗೆ ಹೋಗಬೇಡಿ. ಹಗ್ಗ ಅಲ್ಲೇ ಇರಲಿ, ಪೂರ್ತಿ ಉದ್ದವೇ ಇರಲಿ, ಕತ್ತರಿಸಬೇಡಿ ಎಂದು ಬೇಕಾದರೆ ಹೇಳಿಕಳಿಸಿ. ರೊಟ್ಟಿ, ಸೆಲ್ಲು, ಕೌದಿ ಎಲ್ಲವನ್ನೂ ಈ ವಾರದೊಳಗೆ ತುಂಬಿಸಿ. ಆದರೆ ಇನ್ನೊಂದು ಹಗ್ಗ ಮತ್ತು ಇನ್ನೊಂದು ಪಂಪು ಇವತ್ತೇ ಚೀಲದೊಳಗೆ ಬೀಳಬೇಕು.

ಹದಿನೇಳನೆಯ ತುಣುಕನ್ನು ನೀವು ಈಗಷ್ಟೇ ಶಶಿಕಲಾಗೆ ಕಳಿಸಿದ್ದೀರಿ. ಕಸ್ತೂರಿ ಬಾಗಿಲಲ್ಲಿ ನಿಂತಿದ್ದಾಗಲೇ ನೀವು ಫೋನಿನ ಗುಂಡಿ ಒತ್ತಿ ಹಿಡಿದಿದ್ದಿರಿ. ಅದರಲ್ಲಿ ನಿಮ್ಮ ಮಾತಿನ ಹಿಂದೆ ಹೊರಸು ಮಂಚದ ಮೇಲಿಂದ ಇನ್ನೊಂದು ದನಿ ಬರುತ್ತದೆ: "ಕೊಡವಾ, ಕೊಡ. ತೊಟ್ಟಲಕ ಕೇಳ್ಯಾಳ, ಇಲ್ಲ ಅನಬ್ಯಾಡ." ಆಮೇಲೆ ಕೆಮ್ಮು. ನೀವು ಹಗ್ಗ ಕೊಡಲು ಅನುಮಾನಿಸುತ್ತಿದ್ದಿರಿ, ಕೊಡಿಸಿದವರು ಅವರು. ನಾನು ಹೆಸರು ಹೊತ್ತಿರುವ ನೀಲಗಂಗಾ ಅವರ ಮಾತು ನಮ್ಮಲ್ಲಿ ಉಳಿದಿರುವುದು ಅಷ್ಟೇ, ಆರು ಪದ. ನನಗೆ ಇನ್ನೂ ಬೇಕು. ಅವರು ನಿಮ್ಮನ್ನು ಬೈದದ್ದು ಬೇಕು, ಚೈತ್ರಾಳ ಅಡುಗೆಯಲ್ಲಿ ಕೊಂಕು ತೆಗೆದದ್ದು ಬೇಕು.

ಪೇಟೆಯ ಔಷಧಿ ಅಂಗಡಿ ಏಳು ಗಂಟೆಯವರೆಗೆ ತೆರೆದಿರುತ್ತದೆಂದು ಐದನೇ ತುಣುಕಿನಲ್ಲಿ ನೀವೇ ಹೇಳಿದ್ದೀರಿ. ಆರು ಗಂಟೆಗೆ ಒಂದು ಬಸ್ಸಿದೆ. ಹಿಟ್ಟಿನ ಕೈ ತೊಳೆದುಕೊಳ್ಳಿ, ಚಪ್ಪಲಿ ಮೆಟ್ಟಿ ಹೊರಡಿ.

ನಿಮ್ಮವಳು,
ನೀಲಗಂಗಾ